ಚೀಲದ ಮರೆ, ಕಂಬದ ಮರೆ: ಕವರ್ ಲೆಕ್ಕ ಹೇಗೆ?

(ಉತ್ತರಗಳೆಲ್ಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ದಾಳದ ಪಾತ್ರಾಭಿನಯ ಆಟದ 2014ರ ಐದನೇ ಆವೃತ್ತಿಗೆ ಅನ್ವಯ. ಕವರ್ ಎಂದರೆ ದಾಳಿಯಿಂದ ಕಾಯುವ ಮರೆ.)

ಪ್ರಶ್ನೆ: ಡಿಎಂ (ಆಟ ನಡೆಸುವವರು) ನಮ್ಮನ್ನು ಬ್ಯಾಡಗಿ ಮೆಣಸಿನಕಾಯಿ ಗೋದಾಮಿನಂಥ ಜಾಗದಲ್ಲಿ ಕಾಳಗಕ್ಕಿಳಿಸಿದರು. ಸೊಂಟದೆತ್ತರಕ್ಕೆ ಒಟ್ಟಿದ್ದ ಚೀಲಗಳ ಹಿಂದೆ ನನ್ನ ಬಿಲ್ಲುಗಾರ. ಚೌಕದ ಹಾಳೆಯ ಮೇಲೆ ದಾರ ಹಿಡಿದು ನೋಡಿದರೆ ನಾಲ್ಕೂ ಗೆರೆಗೆ ಚೀಲ ಅಡ್ಡ. ಆದರೂ ಎಸಿಗೆ (ದಾಳಿ ತಗಲಲು ದಾಳದ ಮೊತ್ತ ಮುಟ್ಟಬೇಕಾದ ಅಂಕ) +5 ಕೊಡದೆ +2 ಕೊಟ್ಟರು. ಸರಿಯೇ? (ಹಾವೇರಿ)

ಉತ್ತರ: ಸರಿಯೇ. ದಾರದ ಪದ್ಧತಿಯಲ್ಲಿ ದಾಳಿ ಮಾಡುವವನು ತನ್ನ ಚೌಕದ ಒಂದು ಮೂಲೆ ಆರಿಸಿ, ಅಲ್ಲಿಂದ ಗುರಿಯ ಚೌಕದ ನಾಲ್ಕೂ ಮೂಲೆಗೆ ಗೆರೆ ಎಳೆಯುತ್ತಾನೆ. ಒಂದೆರಡು ಗೆರೆಗೆ ಅಡ್ಡ ಬಂದರೆ ಅರ್ಧ ಕವರ್, +2. ಮೂರು ಅಥವಾ ನಾಲ್ಕಕ್ಕೆ ಅಡ್ಡ ಬಂದೂ ಬಾಣ ತೂರಲು ಸಂದಿ ಉಳಿದಿದ್ದರೆ ಮುಕ್ಕಾಲು ಕವರ್, +5. ಮೂಲೆ ಆರಿಸುವ ಹಕ್ಕು ದಾಳಿಕೋರನದು. ಚೌಕದ ನಡುವಿನಿಂದ ದಾರ ಹಿಡಿಯುವುದೇ ಎಷ್ಟೋ ಜಗಳದ ಮೂಲ.

ಆದರೆ ಹಾಳೆಯ ಮೇಲಿನ ದಾರಕ್ಕೆ ಎತ್ತರ ಗೊತ್ತಾಗುವುದಿಲ್ಲ. ಅದಕ್ಕೆ ಮೂರಡಿ ಚೀಲವೂ ಒಂದೇ, ಕೋಟೆಗೋಡೆಯೂ ಒಂದೇ. ಆಟಗಾರರ ಕೈಪಿಡಿಯಂತೂ ಮೋಟುಗೋಡೆಯನ್ನು ಅರ್ಧ ಕವರ್‌ಗೇ ಉದಾಹರಣೆ ಕೊಡುತ್ತದೆ. ಆದ್ದರಿಂದ ಮೈ ಎಷ್ಟು ಮರೆಯಾಗಿದೆ ಎಂಬುದನ್ನು ಮೊದಲು ನೋಡಿ. ದಾರ ಕಂಬಕ್ಕೆ, ಗೋಡೆಯ ಮೂಲೆಗೆ ಇರಲಿ.

ಇನ್ನೊಂದು ಮಾತು. ಚೀಲಕ್ಕೆ ಒತ್ತಿ ನಿಂತ ನಿಮ್ಮ ಬಿಲ್ಲುಗಾರನಿಗೆ 40 ಅಡಿ ಆಚೆ ಬಯಲಲ್ಲಿರುವ ಗಾಬ್ಲಿನ್ (ಕುಳ್ಳ ರಾಕ್ಷಸ) ಬಹುಪಾಲು ಕಾಣುತ್ತದೆ. ಅರ್ಧ ಮೈಯೂ ಮರೆಯಾಗದ ಅದಕ್ಕೆ +2 ಸಲ್ಲದು. ಅದೂ ಚೀಲಕ್ಕೆ ಒತ್ತಿಕೊಂಡಿದ್ದರೆ ಬೇರೆ ಮಾತು.

ಪ್ರಶ್ನೆ: ಗಾಬ್ಲಿನ್ ಮುಂದೆ ನಮ್ಮವನೇ ಒಬ್ಬ, ಪಕ್ಕದಲ್ಲಿ ಕಂಬ. ಎರಡೂ ಸೇರಿ +7 ಆಗುತ್ತದೆಯೇ? ಬಾಣ ತಪ್ಪಿದರೆ ನಮ್ಮವನಿಗೆ ತಗಲುತ್ತದೆಯೇ? (ಧಾರವಾಡ)

ಉತ್ತರ: ಕೂಡಿಸುವಂತಿಲ್ಲ, ದೊಡ್ಡದು ಒಂದೇ ಲೆಕ್ಕ. ಅಡ್ಡ ನಿಂತವನು ಸ್ನೇಹಿತನಿರಲಿ ಶತ್ರುವಿರಲಿ, ಅವನಿಂದ ಸಿಗುವುದು ಅರ್ಧ ಕವರ್.

ತಪ್ಪಿದ ಬಾಣ ಮೂಲ ನಿಯಮದಂತೆ ಯಾರಿಗೂ ತಗಲದು. ಡಿಎಂ ಕೈಪಿಡಿಯ ಐಚ್ಛಿಕ ನಿಯಮ ಬಳಸುವವರು ಹೀಗೆ ನೋಡಿ. ಕಂಬ ಬಿಡಿ, ನಡುವೆ ನಮ್ಮವನೊಬ್ಬನೇ ಇದ್ದಾನೆ. ಗಾಬ್ಲಿನ್ ಎಸಿ 15, ಕವರ್ ಸೇರಿ 17. ಒಟ್ಟು 14 ಬಿದ್ದರೆ ಬಾಣ ಸುಮ್ಮನೆ ತಪ್ಪಿತು. 15 ಅಥವಾ 16 ಬಿದ್ದರೆ ಕವರ್ ಇಲ್ಲದಿದ್ದರೆ ತಗಲುತ್ತಿತ್ತು. ಆ ಮೊತ್ತ ನಮ್ಮವನ ಎಸಿಯನ್ನು ಮೀರಿದರೆ ಪೆಟ್ಟು ಅವನಿಗೆ. ಅವನ ಎಸಿ 14 ಆದರೆ ಬಿತ್ತು ಪೆಟ್ಟು, 18 ಆದರೆ ಬಚಾವ್. ದಾಳ ಉರುಳಿಸುವ ಮೊದಲೇ ಈ ನಿಯಮ ಉಂಟೋ ಇಲ್ಲವೋ ಹೇಳಿಬಿಡಿ.

ಪ್ರಶ್ನೆ: ಲಕ್ಕುಂಡಿಯಂಥ ಕಂಬದ ಮಂಟಪ. ಫೈರ್‌ಬಾಲ್ (ಸಿಡಿಯುವ ಬೆಂಕಿಯ ಮಂತ್ರ) ಬಂದರೆ ಕಂಬ ಉಳಿಸುತ್ತದೆಯೇ? (ಗದಗ)

ಉತ್ತರ: ಕವರ್ ಅಳೆಯುವುದು ಮಾಂತ್ರಿಕ ನಿಂತಲ್ಲಿಂದಲ್ಲ, ಬೆಂಕಿ ಸಿಡಿದ ಬಿಂದುವಿನಿಂದ. ಅದು ನಿಮ್ಮ ಬೆನ್ನ ಹಿಂದೆ ಸಿಡಿದರೆ ಮುಂದಿನ ಕಂಬ ಇದ್ದೂ ಇಲ್ಲದಂತೆ. ಅರ್ಧ ಅಥವಾ ಮುಕ್ಕಾಲು ಕವರ್ ಇದ್ದರೆ ಡೆಕ್ಸ್ಟೆರಿಟಿ ಸೇವ್‌ಗೂ (ಚುರುಕಿನಿಂದ ತಪ್ಪಿಸಿಕೊಳ್ಳಲು ಉರುಳಿಸುವ ದಾಳ) +2 ಅಥವಾ +5. ಬೇರೆ ಸೇವ್‌ಗಳಿಗೆ ಏನೂ ಇಲ್ಲ. ಪೂರ್ತಿ ಮರೆಯಾಗಿದ್ದೇನೆ ಎಂದು ನಿಶ್ಚಿಂತರಾಗಬೇಡಿ, ಫೈರ್‌ಬಾಲ್ ಮೂಲೆ ತಿರುಗಿಯೂ ಹರಡುತ್ತದೆ. ಸೇಕ್ರೆಡ್ ಫ್ಲೇಮ್ ಎಂಬ ಮಂತ್ರದ ಸೇವ್‌ಗಂತೂ ಕವರ್‌ನ ಲಾಭವೇ ಇಲ್ಲ.

ಪ್ರಶ್ನೆ: ಚೀಲದ ಹಿಂದೆ ಮಲಗಿ, ಎದ್ದು ಹೊಡೆದು, ಮತ್ತೆ ಮಲಗಬಹುದೇ? (ಹುಬ್ಬಳ್ಳಿ)

ಉತ್ತರ: ಧಾರಾಳವಾಗಿ. ಮಲಗಲು ಖರ್ಚಿಲ್ಲ, ಏಳಲು ಆ ಸರದಿಯ ಅರ್ಧ ನಡಿಗೆ: 30 ಅಡಿಯಲ್ಲಿ 15. ಮಲಗಿದಾಗ ಪೂರ್ಣ ಕವರ್, ಯಾರೂ ನೇರವಾಗಿ ಗುರಿಯಿಡಲಾಗದು. ಚತುರ ಶತ್ರು ‘ಅವನು ತಲೆ ಎತ್ತಿದೊಡನೆ ಹೊಡೆಯುತ್ತೇನೆ’ ಎಂದು ರೆಡಿ ಆಕ್ಷನ್ ಹಿಡಿದು ಕೂತಿದ್ದರೆ, ನೀವು ಎದ್ದ ಗಳಿಗೆಯಲ್ಲೇ ಬಾಣ ಬರುತ್ತದೆ. ಆಗ ಉಳಿಯುವುದು ಚೀಲದ +2 ಒಂದೇ.