ಚರಸ್ ಅಂಗಡಿಯಲ್ಲೇ ಸಿಗುವ ದೇಶದಲ್ಲಿ ಚರಸ್ ಮಾಫಿಯಾ ಹುಟ್ಟಿದ್ದು ಹೇಗೆ? ('ದೆ ದೋಮಿನೇ' ನೋಡುವ ಮುನ್ನ)

ನಿಮ್ಮ ಪ್ರಶ್ನೆ ಇದು: "2004ರ ಡಚ್ ಸಿನಿಮಾ 'ದೆ ದೋಮಿನೇ' ನೋಡಬೇಕು ಅಂತಿದ್ದೇನೆ. ಆಮ್‌ಸ್ಟರ್‌ಡ್ಯಾಮ್‌ನ ಡ್ರಗ್ ದೊರೆಯೊಬ್ಬನ ಏಳುಬೀಳಿನ ಕಥೆಯಂತೆ, ನಿಜ ಘಟನೆಯಂತೆ. ಆದರೆ ಅಲ್ಲಿ ಚರಸ್ ಅಂಗಡಿಯಲ್ಲೇ ಸಿಗುತ್ತದಲ್ಲ, ಮತ್ತೆ ಮಾಫಿಯಾ ಯಾಕೆ ಬೇಕಾಯಿತು? ನೋಡುವ ಮೊದಲು ಏನೇನು ಗೊತ್ತಿರಬೇಕು?"

ಅಂಗಡಿಯ ಬಗ್ಗೆ ಕೇಳಿದ್ದೀರಲ್ಲ, ಮೊದಲು ಅದಕ್ಕೇ ಉತ್ತರಿಸುತ್ತೇನೆ. ಅದು ಗೊತ್ತಿಲ್ಲದೆ ನೋಡಿದರೆ ಇದು ಕೋಟು ತೊಟ್ಟವರು ಗುಂಡು ಹಾರಿಸುವ ಇನ್ನೊಂದು ಸಿನಿಮಾ ಆಗಿಬಿಡುತ್ತದೆ.

ನೆದರ್ಲೆಂಡ್ಸ್‌ನಲ್ಲಿ ಆ ಕಾಲದಲ್ಲೂ ಚರಸ್ ಕಾನೂನುಬದ್ಧ ಆಗಿರಲಿಲ್ಲ. 1976ರಲ್ಲಿ ಅವರ ಓಪಿಯಮ್ ಕಾಯ್ದೆಗೆ ತಿದ್ದುಪಡಿಯಾಗಿ ಮಾದಕವಸ್ತುಗಳು ಎರಡು ಪಟ್ಟಿಗೆ ಹಂಚಿಹೋದವು. ಹೆರಾಯಿನ್, ಕೊಕೇನ್ ಮೊದಲ ಪಟ್ಟಿಗೆ, ಗಾಂಜಾ ಮತ್ತು ಚರಸ್ ಎರಡನೆಯದಕ್ಕೆ. 30 ಗ್ರಾಂವರೆಗಿನ ಚರಸ್ ಇಟ್ಟುಕೊಂಡರೆ ಆಗ ಅದು ಸಣ್ಣ ತಪ್ಪು ಮಾತ್ರ. ಪೊಲೀಸರು ಅದರ ಹಿಂದೆ ಬೀಳುತ್ತಿರಲಿಲ್ಲ. ಇದಕ್ಕೆ ಡಚ್ಚರು 'ಖೆದೋಖೆನ್' ಅನ್ನುತ್ತಾರೆ. ತಪ್ಪು ಅಂತ ಪುಸ್ತಕದಲ್ಲಿ ಬರೆದಿಟ್ಟುಕೊಂಡೇ ಕಣ್ಣು ಮುಚ್ಚಿಕೊಳ್ಳುವುದು, ಅದೂ ಸರ್ಕಾರದ ಘೋಷಿತ ನೀತಿಯಾಗಿ. ಕಾಫಿಶಾಪ್‌ಗಳು (ಗಾಂಜಾ, ಚರಸ್ ಮಾರುವ ಅಂಗಡಿಗಳಿಗೆ ಅಲ್ಲಿ ಇದೇ ಹೆಸರು) ಬದುಕಿರುವುದು ಈ ಮುಚ್ಚಿದ ಕಣ್ಣಿನ ನೆರಳಿನಲ್ಲಿ. (30 ಗ್ರಾಂ ಮಿತಿ 1990ರ ದಶಕದ ನಡುವೆ 5 ಗ್ರಾಂಗೆ ಇಳಿಯಿತು. ನಮ್ಮ ಕಥೆ ಅದಕ್ಕಿಂತ ಹಿಂದಿನದು.)

ಎಡವಟ್ಟು ಇರುವುದು ಇಲ್ಲಿಯೇ. ಅಂಗಡಿಯ ಮುಂಬಾಗಿಲಿನಲ್ಲಿ ಗಿರಾಕಿ ಕೊಳ್ಳಬಹುದು. ಆದರೆ ಅಂಗಡಿಯವನಿಗೆ ಮಾಲು ಎಲ್ಲಿಂದ ಬರಬೇಕು? ಹೊರದೇಶದಿಂದ ತರುವುದು, ಸಗಟು ಮಾರುವುದು, ದಾಸ್ತಾನು ಮಾಡುವುದು ಆಗ ಎಲ್ಲವೂ ಅಪರಾಧ. ಡಚ್ಚರೇ ಇದನ್ನು 'ಹಿಂಬಾಗಿಲ ಸಮಸ್ಯೆ' ಎಂದು ಕರೆಯುತ್ತಾರೆ. ಮುಂದೆ ಹಗಲು ವ್ಯಾಪಾರ, ಹಿಂದೆ ರಾತ್ರಿ ವ್ಯಾಪಾರ. ಗಿರಾಕಿ ಖಾಯಂ, ಬೇಡಿಕೆ ಖಾಯಂ, ಪೂರೈಕೆಗೆ ಮಾತ್ರ ಸರಿಯಾದ ದಾರಿಯಿಲ್ಲ. ಆ ಹಿಂಬಾಗಿಲಿಗೆ ಮಾಲು ತಂದು ಸುರಿದವನೇ ಈ ಸಿನಿಮಾದ ನಾಯಕ.

ಶಿಕ್ಷೆಯ ಲೆಕ್ಕವನ್ನೂ ಇದರ ಜೊತೆಗಿಟ್ಟು ನೋಡಿ. ಆ ಕಾಲದ ಡಚ್ ಕಾನೂನಿನಲ್ಲಿ ಹೆರಾಯಿನ್, ಕೊಕೇನ್ ಆಮದಿಗೆ ಗರಿಷ್ಠ 12 ವರ್ಷ, ಚರಸ್ ಆಮದಿಗೆ ಗರಿಷ್ಠ 4 ವರ್ಷ. ನಮ್ಮಲ್ಲಿ ಎನ್‌ಡಿಪಿಎಸ್ ಕಾಯ್ದೆಯಡಿ 1 ಕಿಲೋ ಚರಸ್ ದಾಟಿದರೆ 'ವಾಣಿಜ್ಯ ಪ್ರಮಾಣ', ಕನಿಷ್ಠ 10 ವರ್ಷ ಕಠಿಣ ಸಜೆ. ಅಲ್ಲಿ ಈ ನಾಯಕನ ಮೂಲವಾದ ನಿಜ ಆಸಾಮಿ 1979ರಲ್ಲಿ ಪಾಕಿಸ್ತಾನದಿಂದ 1,500 ಕಿಲೋ ತರಿಸಿದ ಪ್ರಕರಣದಲ್ಲಿ ಸಿಕ್ಕಿಬಿದ್ದಾಗ ಆದ ಶಿಕ್ಷೆ 18 ತಿಂಗಳು, ಮೇಲ್ಮನವಿಯಲ್ಲಿ ಅದು 12 ತಿಂಗಳಿಗೆ ಇಳಿಯಿತು. ಕಳ್ಳಸಾಗಣೆದಾರನ ಕಣ್ಣಿನಿಂದ ನೋಡಿದರೆ ಜೈಲು ಕೂಡ ವ್ಯಾಪಾರದ ಖರ್ಚಿನ ಬಾಬತ್ತಿಗೆ ಸೇರಿಹೋಗುವಂಥ ಮೊತ್ತ ಇದು.

ಇನ್ನು ಮನುಷ್ಯನ ವಿಷಯ. ಸಿನಿಮಾದಲ್ಲಿ ಅವನ ಹೆಸರು ಕ್ಲಾಸ್ ಡೊಂಕರ್ಸ್, ಪಾತ್ರ ಮಾಡಿದವರು ಪೇಟರ್ ಪಾಲ್ ಮುಲ್ಲರ್, ನಿರ್ದೇಶಕ ಗೆರಾರ್ಡ್ ವೆರ್ಹಾಗೆ. ನಿಜ ಜೀವನದಲ್ಲಿ ಅವನು ಕ್ಲಾಸ್ ಬ್ರೌನ್ಸ್‌ಮಾ. ಡಚ್‌ನಲ್ಲಿ 'ಡೊಂಕರ್' ಎಂದರೆ ಕತ್ತಲು, ಆ ಮನೆತನದ ಹೆಸರು ಕಿವಿಗೆ ಬಿದ್ದಾಗ ಅಲ್ಲಿನವರಿಗೆ ಆ ಅರ್ಥ ಹೊಳೆಯದೇ ಇರುವುದಿಲ್ಲ. ಸಿನಿಮಾಕ್ಕೆ ಆಧಾರ ಪತ್ರಕರ್ತ ಬಾರ್ಟ್ ಮಿಡ್ಡೆಲ್‌ಬರ್ಗ್ 1992ರಲ್ಲಿ ಬರೆದ ಅದೇ ಹೆಸರಿನ ಪುಸ್ತಕ. ಪಾತ್ರಗಳ ಹೆಸರು ಬದಲಾಗಿವೆ, ಆದ್ದರಿಂದ ಸಿನಿಮಾದ ಒಬ್ಬೊಬ್ಬರನ್ನೂ ನಿಜದ ಒಬ್ಬೊಬ್ಬರಿಗೆ ಗಂಟು ಹಾಕಲು ಹೋಗಬೇಡಿ. ಬೆನ್ನೆಲುಬು ನಿಜ, ಮೈಮಾಂಸ ಚಿತ್ರಕಥೆಯದು ಎಂದುಕೊಂಡು ನೋಡಿದರೆ ಸರಿಹೋಗುತ್ತದೆ.

'ದೋಮಿನೇ' ಪದವನ್ನು 'ಪಾದ್ರಿ' ಅಂತ ಮಾಡಿಕೊಂಡರೆ ಅರ್ಧ ಅರ್ಥವೇ ಸಿಗುತ್ತದೆ. ಅದು ಪ್ರೊಟೆಸ್ಟಂಟ್ ಬೋಧಕನಿಗೆ ಹೇಳುವ ಮಾತು, ನಮ್ಮ ಮಂಗಳೂರು, ಧಾರವಾಡದ ಕಡೆಯ ಸಭೆಗಳಲ್ಲಿ 'ಸಭಾಪಾಲಕರು' ಅನ್ನುತ್ತಾರಲ್ಲ, ಅವರು. ಡಚ್ ಸಭಾಪಾಲಕ ಎಂದರೆ ಕಪ್ಪು ಬಟ್ಟೆ, ಬಿಗಿ ಮುಖ, ಉದ್ದುದ್ದ ಉಪದೇಶ. ಬ್ರೌನ್ಸ್‌ಮಾ ಕಪ್ಪು ಉಡುಪಿನಲ್ಲೇ ಇರುತ್ತಿದ್ದ, ತನ್ನ ಜನರಿಗೆ ನೀತಿಪಾಠ ಬಿಗಿಯುತ್ತಿದ್ದ. ಅದಕ್ಕೆ ಆ ಹೆಸರು ಅಂಟಿತು. ಆಳು ಎತ್ತರವಿದ್ದುದರಿಂದ 'ದೆ ಲಾಂಗೆ', ಅಂದರೆ ಉದ್ದನೆಯವ, ಎಂಬ ಇನ್ನೊಂದು ಹೆಸರೂ ಇತ್ತು.

ಅವನು ಕೊಳೆಗೇರಿಯಿಂದ ಎದ್ದು ಬಂದವನಲ್ಲ. ಹುಟ್ಟಿದ್ದು 1953ರ ಅಕ್ಟೋಬರ್‌ನಲ್ಲಿ, ಅಪ್ಪ 'ರಾಕ್' ಎಂಬ ತಂಪುಪಾನೀಯ ಕಂಪನಿಯ ಮಾಲೀಕ. ಬಡತನ ಅವನನ್ನು ಅಪರಾಧಕ್ಕೆ ತಳ್ಳಿತು ಎಂಬ ಸಿದ್ಧ ವಿವರಣೆ ಇಲ್ಲಿ ಕೆಲಸಕ್ಕೆ ಬಾರದು. ಬಾಟಲಿಗಳನ್ನು ಅಂಗಡಿಯಿಂದ ಅಂಗಡಿಗೆ ಹಂಚುವ ಮನೆಯ ಹುಡುಗ ಶಾಲಾದಿನಗಳಲ್ಲೇ ಚರಸ್ ಹಂಚಲು ಶುರುಮಾಡಿದ. ಸರಕು ಬದಲಾಯಿತು, ಕಸುಬು ಅದೇ. ಸಿನಿಮಾ ನೋಡುವಾಗ ಅವನನ್ನು ರೌಡಿಯಾಗಿ ನೋಡುವುದಕ್ಕಿಂತ ವಿತರಕನಾಗಿ ನೋಡಿ. ಎಷ್ಟೋ ವಿಷಯ ತಾನಾಗಿ ಬಿಡಿಸಿಕೊಳ್ಳುತ್ತದೆ.

ಈಗ ನನ್ನ ಮುಖ್ಯ ಸಲಹೆ. ಈ ಕಥೆಯನ್ನು ಕಿಲೋ ಲೆಕ್ಕದಲ್ಲಿ ಹಿಡಿದುಕೊಳ್ಳಿ. ಒಟ್ಟು ನಾಲ್ಕು ಅಂಕಿ ನೆನಪಿದ್ದರೆ ಸಾಕು.

ಮೊದಲನೆಯದು 100. 1976ರಲ್ಲಿ ಅವನು ಸಿಕ್ಕಿಬಿದ್ದದ್ದು 100 ಕಿಲೋ ಚರಸ್‌ನ ಪ್ರಕರಣದಲ್ಲಿ. ಆ ಮೇಲೆ ಫ್ರಾನ್ಸ್ ಫಾನ್ ಆರ್ಕೆಲ್ ಎಂಬ ಹುಸಿಹೆಸರು ಇಟ್ಟುಕೊಂಡ. ಎರಡನೆಯದು ಆಗಲೇ ಹೇಳಿದ 1,500. ಮೂರು ವರ್ಷದಲ್ಲಿ ಹದಿನೈದು ಪಟ್ಟು.

ಮೂರನೆಯ ಅಂಕಿ 600, ಮತ್ತು ಬಂದೂಕು ಕಥೆಯೊಳಗೆ ಬರುವುದು ಇದರ ಬೆನ್ನಿಗೆ. 1983ರಲ್ಲಿ ಅವನ 600 ಕಿಲೋ ಮಾಲನ್ನು ಇನ್ನೊಂದು ಗುಂಪು ಕದ್ದಿತು. ಅಕ್ಕಿಯೋ ಸಕ್ಕರೆಯೋ ಕದ್ದುಹೋದರೆ ಠಾಣೆಗೆ ಹೋಗಬಹುದು, ವಿಮೆ ಕೇಳಬಹುದು, ದಾವೆ ಹೂಡಬಹುದು. ಹಿಂಬಾಗಿಲ ವ್ಯಾಪಾರಿಗೆ ಇದಾವುದೂ ಇಲ್ಲ. ಸುಮ್ಮನಿದ್ದರೆ ನಾಳೆ ಎಲ್ಲರೂ ಕದಿಯುತ್ತಾರೆ. ಅವನೇ ತನ್ನವರೊಂದಿಗೆ ಲೆಕ್ಕ ಕೇಳಲು ಹೋದ, ಗುಂಡಿನ ಕಾಳಗವಾಯಿತು, ಅವನಿಗೂ ಗುಂಡು ತಗುಲಿತು. ಕೋರ್ಟು 5 ವರ್ಷ ಕೊಟ್ಟಿತು, ಮೇಲ್ಮನವಿಯಲ್ಲಿ 3 ವರ್ಷವಾಯಿತು. ಚರಸ್ 'ಮೆದು' ಮಾದಕವಾಗಿದ್ದರೂ ಅದರ ವ್ಯಾಪಾರ ಮೆದುವಾಗಿ ಉಳಿಯದಿದ್ದುದು ಏಕೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ಒಪ್ಪಂದ ಮುರಿದವನಿಗೆ ಕೋರ್ಟಿನ ನೋಟಿಸು ಕಳಿಸಲಾಗದು, ಆಳು ಕಳಿಸಬೇಕು. ಆಳು ಸಾಕಬೇಕು. ಸಾಕಿದ ಆಳನ್ನು ನಂಬಬೇಕು. ನಂಬಿಕೆ ಹೋದಾಗ ಏನಾಗುತ್ತದೆ ಎಂಬುದಕ್ಕೆ 1985ರ ಆಂದ್ರೆ ಬ್ರಿಲ್ಲೆಮನ್ ಕೊಲೆ ನೋಡಿ. ಅವನು ಬ್ರೌನ್ಸ್‌ಮಾನ ಅಂಗರಕ್ಷಕರಲ್ಲಿ ಒಬ್ಬ. ಶವ ಸಿಕ್ಕಿದ್ದು ವಾಲ್ ನದಿಯಲ್ಲಿ, ಕಾಂಕ್ರೀಟಿನೊಳಗೆ. ಆ ಕೊಲೆಗಾಗಿ ಬ್ರೌನ್ಸ್‌ಮಾಗೆ ಶಿಕ್ಷೆಯಾಗಲಿಲ್ಲ.

ನಾಲ್ಕನೆಯ ಅಂಕಿ 45,000. 1990ರ ಫೆಬ್ರವರಿಯಲ್ಲಿ ಪೊಲೀಸರು ಒಂದೇ ಏಟಿಗೆ ಹಿಡಿದ ಅವನ ಚರಸ್, 45 ಟನ್. ಆ ಲೋಕದಲ್ಲಿ ಅದಕ್ಕೆ 'ದೊಡ್ಡ ಬೆಟ್ಟ' ಎಂಬ ಹೆಸರೇ ಇತ್ತು. ನನ್ನ ಪ್ರಕಾರ ಪತನದ ನಿಜವಾದ ದಿನ ಇದು, ಗುಂಡು ಬಿದ್ದ ದಿನವಲ್ಲ.

ಈ ತೂಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. 45 ಟನ್ ಎಂದರೆ ನಮ್ಮ ಹೆದ್ದಾರಿಯ ದೊಡ್ಡ ಲಾರಿಗಳಲ್ಲಿ ಸುಮಾರು ಮೂರು ಲೋಡು. 30 ಗ್ರಾಂ ಮಿತಿಯಲ್ಲಿ ಹಂಚಿದರೆ 15 ಲಕ್ಷ ಜನ ಒಬ್ಬೊಬ್ಬರೂ ಪೂರ್ತಿ 30 ಗ್ರಾಂ ಕೊಳ್ಳಬೇಕು. ಆಗ ಆ ದೇಶದ ಜನಸಂಖ್ಯೆ, ಕೂಸುಕುನ್ನಿ ಸೇರಿ, ಒಂದೂವರೆ ಕೋಟಿಯ ಆಸುಪಾಸು. ಅಂದರೆ ಈ ಮಾಲು ಒಂದು ತಿಂಗಳಲ್ಲಿ ಖಾಲಿಯಾಗುವಂಥದ್ದಲ್ಲ. ಒಮ್ಮೆಲೇ ಮಾರುಕಟ್ಟೆಗೆ ಬಿಟ್ಟರೆ ಬೆಲೆ ಕುಸಿಯುತ್ತದೆ, ಹಾಗಾಗಿ ಕೂಡಿಟ್ಟು ಸ್ವಲ್ಪಸ್ವಲ್ಪವೇ ಬಿಡಬೇಕು. ಕೂಡಿಡಲು ಗೋದಾಮು ಬೇಕು, ಕಾವಲು ಬೇಕು, ಇಳಿಸುವವರು, ಸಾಗಿಸುವವರು ಬೇಕು, ಮೊದಲೇ ದುಡ್ಡು ಹಾಕಿದ ಪಾಲುದಾರರು ಬೇಕು. ಇವರಲ್ಲಿ ಪ್ರತಿಯೊಬ್ಬನೂ ಬಾಯಿ ಬಿಡಬಹುದಾದವನು. 100 ಕಿಲೋ ವ್ಯಾಪಾರದಲ್ಲಿ ಗುಟ್ಟು ಬಲ್ಲವರು ಬೆರಳೆಣಿಕೆ, 45 ಟನ್ನಿನಲ್ಲಿ ಗುಟ್ಟು ಎನ್ನುವುದೇ ಉಳಿಯುವುದಿಲ್ಲ. ಮಾಲು ಹೋದ ಮೇಲೆ ಪಾಲುದಾರರ ಹಣ ಹೋಯಿತು, ಯಾರು ಸುಳಿವು ಕೊಟ್ಟರು ಎಂಬ ಅನುಮಾನ ಎಲ್ಲರ ಮೇಲೂ ಕವಿಯಿತು. ಬ್ರೌನ್ಸ್‌ಮಾ ಆ ಹೊತ್ತಿಗೆ ಕುಡಿತ, ಕೊಕೇನ್ ಎರಡರಲ್ಲೂ ಮುಳುಗಿದ್ದ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅವನ ಜೊತೆಗಾರನಾಗಿದ್ದ ಬ್ರಿಟಿಷ್ ವ್ಯಾಪಾರಿ ರಾಯ್ ಅಡ್ಕಿನ್ಸ್ ಆಮ್‌ಸ್ಟರ್‌ಡ್ಯಾಮ್‌ನ ಅಮೆರಿಕನ್ ಹೋಟೆಲಿನ ಬಾರಿನಲ್ಲಿ ಗುಂಡಿಗೆ ಬಲಿಯಾದ.

ಸಿನಿಮಾಗಳು ಸಾಮಾನ್ಯವಾಗಿ ಇಂಥ ಪತನವನ್ನು ಅಹಂಕಾರ, ಚಟ, ಹೆಣ್ಣು ಎಂದು ಬಿಡಿಸುತ್ತವೆ. ತೆರೆಯ ಮೇಲೆ ಗೋದಾಮಿನ ಬಾಡಿಗೆ ತೋರಿಸಿದರೆ ಯಾರು ನೋಡುತ್ತಾರೆ, ಅದು ಅರ್ಥವಾಗುವ ಮಾತೇ. ಆದರೆ ನೀವು ನೋಡುವಾಗ ಚಟದ ದೃಶ್ಯಗಳ ಹಿಂದೆ ಈ ತೂಕ ಇದೆ ಎಂಬುದನ್ನು ಮರೆಯಬೇಡಿ.

ಸಬ್‌ಟೈಟಲ್ ಬಗ್ಗೆ ಒಂದೆರಡು ಮಾತು. 'ಪೆನೋಸೆ' ಎಂದರೆ ಆಮ್‌ಸ್ಟರ್‌ಡ್ಯಾಮ್‌ನ ಭೂಗತ ಲೋಕ. ಹೀಬ್ರೂವಿನ 'ಜೀವನೋಪಾಯ' ಎಂಬ ಪದ ಯೂರೋಪಿನ ಯೆಹೂದಿಗಳ ಯಿಡ್ಡಿಷ್ ಭಾಷೆಯ ಮೂಲಕ ಅಲ್ಲಿನ ಬೀದಿಗೆ ಬಂದು ಹೀಗಾಯಿತು. ಹೊಟ್ಟೆಪಾಡು ಎಂಬ ಮಾತೇ ಭೂಗತ ಲೋಕದ ಹೆಸರಾದದ್ದು ನನಗಂತೂ ಬಹಳ ಹಿಡಿಸಿದ ಸಂಗತಿ. 'ಪಾರ್ತೇಯ್' ಎಂದರೆ ಸರಕಿನ ಒಂದು ಕಂತು. 'ರಿಪ್ಪೆನ್' ಎಂದರೆ ವ್ಯಾಪಾರದ ನೆಪದಲ್ಲಿ ಮಾಲು ಹಾರಿಸುವುದು. ಡಚ್ ಪತ್ರಿಕೆಗಳಲ್ಲಿ 'ಲಿಕ್ವಿಡಾತ್ಸಿ' ಎಂದು ಕಂಡರೆ ಅದು ಸುಪಾರಿ ಕೊಲೆ. ಹಣವೆಲ್ಲ ಗಿಲ್ಡರ್ ಎಂಬ ಅಲ್ಲಿನ ಹಳೆಯ ನಾಣ್ಯದಲ್ಲಿ, ಒಂದು ಯೂರೋಗೆ ಸುಮಾರು 2.2 ಗಿಲ್ಡರ್.

ಒಂದು ಗೊಂದಲವನ್ನು ಮೊದಲೇ ಬಿಡಿಸಿಬಿಡುತ್ತೇನೆ. 1983ರ ನವೆಂಬರ್‌ನಲ್ಲಿ ಬಿಯರ್ ಕಂಪನಿಯ ಒಡೆಯ ಫ್ರೆಡ್ಡಿ ಹೈನೆಕೆನ್‌ರನ್ನು ಅಪಹರಿಸಿ 3.5 ಕೋಟಿ ಗಿಲ್ಡರ್ ವಸೂಲಿ ಮಾಡಿದ ಕಥೆಯೂ ಇದೇ ಊರು, ಇದೇ ಕಾಲದ್ದು. ಅದು ಬೇರೆ ತಂಡ. ಎರಡನ್ನೂ ಒಂದೇ ಎಂದು ಬರೆದಿರುವುದನ್ನು ಕಂಡರೆ ನಂಬಬೇಡಿ.

ಸಿನಿಮಾ ಬಂದ ಹೊತ್ತಿನಲ್ಲಿ ಅಲ್ಲಿ ಈ ಹೆಸರು ಮತ್ತೆ ಎಲ್ಲರ ಬಾಯಲ್ಲಿತ್ತು. 2003ರಲ್ಲಿ ಡಚ್ ರಾಜಕುಮಾರ ಫ್ರಿಸೊ ಮದುವೆಯಾಗಬೇಕಿದ್ದವರಿಗೆ ಹಿಂದೆ ಬ್ರೌನ್ಸ್‌ಮಾನ ಪರಿಚಯವಿತ್ತು ಎಂಬ ವಿಷಯ ಎದ್ದಿತು. ಆ ಬಗ್ಗೆ ಕೊಟ್ಟ ಮಾಹಿತಿ ಪೂರ್ಣವಾಗಿರಲಿಲ್ಲ ಎಂದು ಸರ್ಕಾರ ಮದುವೆಗೆ ಸಂಸತ್ತಿನ ಒಪ್ಪಿಗೆ ಕೇಳಲು ನಿರಾಕರಿಸಿತು. 2004ರ ಏಪ್ರಿಲ್‌ನಲ್ಲಿ ಮದುವೆ ನಡೆಯಿತು, ರಾಜಕುಮಾರ ಸಿಂಹಾಸನದ ಸಾಲಿನಿಂದ ಹೊರಬಿದ್ದ. ಸತ್ತು ಹನ್ನೆರಡು ವರ್ಷವಾದವನ ನೆರಳು ಅರಮನೆಯವರೆಗೆ ಚಾಚಿತ್ತು.

ಕೊನೆ ಹೇಗಾಯಿತು ಎಂಬುದು ಮೊದಲೇ ತಿಳಿಯುವುದು ಬೇಡವಾದರೆ ಇಲ್ಲಿಗೆ ನಿಲ್ಲಿಸಿ.

1991ರ ಜೂನ್ 27ರ ನಸುಕಿನಲ್ಲಿ, ಅಪೊಲೊಲಾನ್ ರಸ್ತೆಯ ಹಿಲ್ಟನ್ ಹೋಟೆಲಿನ ಎದುರು ಬ್ರೌನ್ಸ್‌ಮಾನನ್ನು ಗುಂಡಿಕ್ಕಿ ಕೊಂದರು. ವಯಸ್ಸು 37. ಈ ಕೊಲೆಗಾಗಿ ಶಿಕ್ಷೆಯಾದದ್ದು ಮಾರ್ಟಿನ್ ಹೂಖ್‌ಲಾಂಡ್ ಎಂಬ ಮಾಜಿ ಪೊಲೀಸನಿಗೆ. ಅವನೂ 2004ರ ಮಾರ್ಚ್‌ನಲ್ಲಿ ಹೋರ್ನ್ ಪಟ್ಟಣದಲ್ಲಿ ಗುಂಡಿಗೆ ಸತ್ತ, ಸಿನಿಮಾ ತೆರೆಕಂಡ ಅದೇ ವರ್ಷ.

ಸಿನಿಮಾ ಮುಗಿಸಿದ ಮೇಲೆ ಇನ್ನೊಂದನ್ನು ಓದಿಕೊಳ್ಳಿ, ನಿಮ್ಮ ಪ್ರಶ್ನೆಯ ಉಳಿದರ್ಧಕ್ಕೆ ಉತ್ತರ ಅಲ್ಲಿದೆ. ಬ್ರೌನ್ಸ್‌ಮಾನ ಜಾಲವನ್ನು ಹಿಡಿಯಲೆಂದು ಕಟ್ಟಿದ ಐಆರ್‌ಟಿ ಎಂಬ ವಿಶೇಷ ಪೊಲೀಸ್ ತಂಡ ಅವನು ಸತ್ತ ಮೇಲೆ ಅವನ ವಾರಸುದಾರರ ಬೆನ್ನು ಹತ್ತಿತು. ಅವರು ಹಿಡಿದ ದಾರಿ ಏನೆಂದರೆ, ತಮ್ಮ ಮಾಹಿತಿದಾರ ಆ ಗುಂಪಿನಲ್ಲಿ ಮೇಲೇರಲಿ ಎಂದು ಮಾಲನ್ನು ಹಿಡಿಯದೆ ಒಳಗೆ ಬಿಡುವುದು. ಟನ್‌ಗಟ್ಟಲೆ ಮಾದಕವಸ್ತು ಪೊಲೀಸರ ಕಣ್ಣೆದುರೇ ಮಾರುಕಟ್ಟೆಗೆ ಹರಿಯಿತು. 1993ರ ಡಿಸೆಂಬರ್‌ನಲ್ಲಿ ತಂಡವನ್ನೇ ಮುಚ್ಚಿದರು, 1994ರ ಮೇನಲ್ಲಿ ಇಬ್ಬರು ಮಂತ್ರಿಗಳು ರಾಜೀನಾಮೆ ಕೊಟ್ಟರು, 1996ರಲ್ಲಿ ಸಂಸದ ಫಾನ್ ತ್ರಾ ನೇತೃತ್ವದ ಸಂಸದೀಯ ಸಮಿತಿ ವರದಿ ಕೊಟ್ಟಿತು. ಮುಂಬಾಗಿಲು ಮಾತ್ರ ತೆರೆದೇ ಇತ್ತು, ಹಿಂಬಾಗಿಲಿಗೆ ಬೇರೆಯವರು ಮಾಲು ತರುತ್ತಿದ್ದರು.