ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಕಷ್ಟಕಾಲದಲ್ಲಿ ಯಾರು ಏನು ಮಾಡಬೇಕು?

ಪ್ರಶ್ನೆ: ಎರಡು ತಿಂಗಳ ಹಿಂದೆ ಮಾವನವರಿಗೆ (74 ವರ್ಷ) ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿವೆ. ಮಾತು ತೊದಲುತ್ತದೆ. ಯಜಮಾನರು ಬೆಳಗ್ಗೆ 8ಕ್ಕೆ ಅಂಗಡಿಗೆ ಹೋದರೆ ಬರುವುದು ರಾತ್ರಿ 9ಕ್ಕೆ. ಎಲ್ಲವೂ ನನ್ನ ಮೇಲೆ. ಬೆಂಗಳೂರಿನಲ್ಲಿರುವ ಮೈದುನ ವಾರಕ್ಕೊಮ್ಮೆ ಫೋನ್ ಮಾಡಿ, ‘ಅತ್ತಿಗೆ, ಏನಾದರೂ ಬೇಕಿದ್ದರೆ ಹೇಳಿ’ ಎನ್ನುತ್ತಾರೆ, ಅಷ್ಟೇ. ಈಚೆಗೆ ಮಾವನವರ ಸೊಂಟದ ಕೆಳಗೆ ಚರ್ಮ ಕೆಂಪಾಗಿದೆ. ಸುಸ್ತಾಗಿ ಅವರ ಮೇಲೆ ರೇಗುತ್ತೇನೆ, ಆಮೇಲೆ ಅಳು ಬರುತ್ತದೆ.
– ಓದುಗರು, ದಾವಣಗೆರೆ

ಉತ್ತರ: ಮೊದಲು ಆ ಕೆಂಪು ಚರ್ಮದ ಮಾತು, ಏಕೆಂದರೆ ಅದು ಕಾಯುವುದಿಲ್ಲ. ಬೆರಳಿನಿಂದ ಒತ್ತಿ ಬಿಡಿ. ಒತ್ತಿದ ಜಾಗ ಬಿಳಿಚಿ ಮತ್ತೆ ಕೆಂಪಾದರೆ ರಕ್ತ ಇನ್ನೂ ಹರಿಯುತ್ತಿದೆ. ಬಿಳಿಚದೆ ಕೆಂಪಾಗಿಯೇ ಉಳಿದರೆ ಬೆಡ್‌ಸೋರ್ (ಮಲಗಿದಲ್ಲೇ ಒತ್ತಿ ಒತ್ತಿ ಆಗುವ ಹುಣ್ಣು) ಶುರುವಾಗಿದೆ ಎಂದೇ ತಿಳಿಯಿರಿ. ಮೈಬಣ್ಣ ಕಪ್ಪಾಗಿದ್ದವರಲ್ಲಿ ಕೆಂಪು ಕಾಣುವುದಿಲ್ಲ. ಆ ಜಾಗ ಬಿಸಿಯಾಗಿದೆಯೇ, ಗಡುಸಾಗಿದೆಯೇ ಎಂದು ಮುಟ್ಟಿ ನೋಡಬೇಕು. ಇಂಥ ಕಡೆ ಎಣ್ಣೆ ಹಾಕಿ ತಿಕ್ಕುವುದು, ಸ್ಪಿರಿಟ್ ಅಥವಾ ಪೌಡರ್ ಹಾಕುವುದು ನಮ್ಮ ಮನೆಗಳಲ್ಲಿ ರೂಢಿ. ಮೂರೂ ಬೇಡ. ತಿಕ್ಕಿದರೆ ಒಳಗೆ ಸೊರಗಿದ ಚರ್ಮ ಹರಿಯುತ್ತದೆ. ನಡುವೆ ತೂತಿರುವ ಟ್ಯೂಬಿನಂಥ ದಿಂಬೂ ಬೇಡ; ಅದು ಸುತ್ತಲಿನ ರಕ್ತಸಂಚಾರವನ್ನೇ ತಡೆಯುತ್ತದೆ.

ಮಾಡಬೇಕಾದದ್ದು ಮಗ್ಗುಲು ಬದಲಿಸುವುದು, 2 ಗಂಟೆಗೊಮ್ಮೆ. ಪೂರ್ತಿ ಪಕ್ಕಕ್ಕೆ ಹೊರಳಿಸಬೇಡಿ, ಭಾರವೆಲ್ಲ ತೊಡೆಯ ಮೇಲ್ಮೂಳೆಯ ಮೇಲೆ ಬೀಳುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ವಾಲಿಸಿದರೆ ಸಾಕು. ಮೊಣಕಾಲುಗಳ ನಡುವೆ ಒಂದು ದಿಂಬು, ಮೀನಖಂಡದ ಕೆಳಗೆ ಇನ್ನೊಂದು. ಹಿಮ್ಮಡಿ ಹಾಸಿಗೆಗೆ ತಾಗಬಾರದು. ಮೇಲಕ್ಕೆ ಸರಿಸಬೇಕಾದರೆ ಸೊಂಟದ ಕೆಳಗೆ ಮಡಚಿದ ದುಪ್ಪಟಿ ಹಾಸಿಟ್ಟು, ಇಬ್ಬರು ಎರಡು ಕಡೆ ಹಿಡಿದು ಎತ್ತಿ ಸರಿಸಿ. ಎಳೆದರೆ ಚರ್ಮ ಕೀಳುತ್ತದೆ. ಸ್ವಾಧೀನವಿಲ್ಲದ ಬಲಗೈ ಹಿಡಿದಂತೂ ಎಂದೂ ಎತ್ತಬೇಡಿ, ಭುಜದ ಕೀಲು ಜಾರುತ್ತದೆ. ಏರ್‌ಬೆಡ್ (ಪಂಪಿನಿಂದ ಗಾಳಿ ತುಂಬುವ ಹಾಸಿಗೆ) ತಂದರೆ ಒಳ್ಳೆಯದು, ಆದರೆ ಅದರ ಮೇಲೆ ಒಂದೇ ತೆಳು ಹೊದಿಕೆ ಇರಲಿ, ಪಂಪು ಸದಾ ಓಡುತ್ತಿರಲಿ. ಏರ್‌ಬೆಡ್ ಬಂತೆಂದು ಮಗ್ಗುಲು ಬದಲಿಸುವುದನ್ನು ನಿಲ್ಲಿಸುವವರೇ ಹೆಚ್ಚು, ಹುಣ್ಣು ಆಗುವುದೂ ಅಲ್ಲೇ. ಕೆಂಪು ಪೂರ್ತಿ ಇಳಿದ ಮೇಲೆ ರಾತ್ರಿಯ ಅವಧಿಯನ್ನು ಹೆಚ್ಚಿಸಬಹುದೇ ಎಂದು ವೈದ್ಯರನ್ನು ಕೇಳಿ. ಚರ್ಮ ಒಡೆದರೆ, ಕಪ್ಪಾದರೆ, ವಾಸನೆ ಅಥವಾ ಜ್ವರ ಬಂದರೆ ಅದೇ ದಿನ ತೋರಿಸಿ.

ಊಟ ಕೊಡುವಾಗ ನೆಟ್ಟಗೆ ಕೂರಿಸಿ, ಗದ್ದ ತುಸು ಕೆಳಗಿರಲಿ, ಚಿಕ್ಕ ಚಮಚದಲ್ಲಿ ಎಡಗಡೆಗೆ ಇಡಿ. ತೆಳು ಸಾರು, ನೀರು ಬೇಗ ನೆತ್ತಿಗೇರುತ್ತವೆ. ಗಟ್ಟಿ ರಾಗಿಗಂಜಿ ಸಲೀಸು. ಊಟವಾದ ಮೇಲೆ ಬಲಗೆನ್ನೆಯೊಳಗೆ ಅನ್ನ ಉಳಿದಿದೆಯೇ ನೋಡಿ, ಅರ್ಧ ಗಂಟೆ ಮಲಗಿಸಬೇಡಿ. ತಿನ್ನುವಾಗಲೆಲ್ಲ ಕೆಮ್ಮು ಬಂದರೆ, ದನಿ ಗೊರಗೊರ ಎಂದರೆ ವೈದ್ಯರಿಗೆ ಹೇಳಿ.

ಇನ್ನು ನಿಮ್ಮ ವಿಷಯ. ನೀವು ರೇಗುವುದು ನಿದ್ದೆ ಇಲ್ಲದ್ದರಿಂದ, ಪ್ರೀತಿ ಇಲ್ಲದ್ದರಿಂದ ಅಲ್ಲ. ರಾತ್ರಿ 10, 12 ಮತ್ತು 2ರ ಸರದಿ ಯಜಮಾನರದಾಗಲಿ, 4 ಮತ್ತು 6ರದು ನಿಮ್ಮದು. ಆಗ ನಿಮಗೆ 10ರಿಂದ 4ರವರೆಗೆ ಒಂದೇ ಪಟ್ಟಿನ ನಿದ್ದೆ ಸಿಗುತ್ತದೆ, ಅವರಿಗೂ 2ರಿಂದ 7ರವರೆಗೆ. ಇಬ್ಬರೂ ಅರೆಬರೆ ಎಚ್ಚರವಿದ್ದರೆ ಇಬ್ಬರೂ ಬೀಳುತ್ತೀರಿ.

ಮೈದುನನಿಗೆ ಹೇಳಬೇಕಾದವರು ನೀವಲ್ಲ, ನಿಮ್ಮ ಯಜಮಾನರು. ಅಣ್ಣ ತಮ್ಮನಿಗೆ ಹೇಳಿದರೆ ಅದು ಅಪ್ಪನ ಕುರಿತ ಮಾತು. ನೀವು ಹೇಳಿದರೆ ದೂರು ಎನಿಸಿಕೊಳ್ಳುತ್ತದೆ. ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ. ಎಲ್ಲರೆದುರು ತಪ್ಪಿತಸ್ಥನಾದವನು ಸಹಾಯಕ್ಕೆ ಬರುವುದಿಲ್ಲ, ವಾದಕ್ಕೆ ಬರುತ್ತಾನೆ. ‘ಏನಾದರೂ ಬೇಕಿದ್ದರೆ ಹೇಳಿ’ ಎಂಬ ಮಾತಿಗೆ ಏನು, ಯಾವಾಗ, ಎಷ್ಟು ಎಂದು ಯಜಮಾನರೇ ಬಿಡಿಸಿ ಹೇಳಲಿ: ಫಿಜಿಯೋಥೆರಪಿಯ ತಿಂಗಳ ಶುಲ್ಕ ಅವರೇ ನೇರವಾಗಿ ಕಳಿಸುವುದು, ಮಾತ್ರೆ, ಡಯಾಪರ್ ತರಿಸುವುದು, ತಿಂಗಳಿಗೆ ಎರಡು ಸಲ ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗೆ ಬಂದು ಅಪ್ಪನನ್ನು ಪೂರ್ತಿ ನೋಡಿಕೊಳ್ಳುವುದು. ಆ ಹೊತ್ತು ನೀವು ಮನೆಯಲ್ಲಿರಬೇಡಿ, ತವರಿಗೋ ಗೆಳತಿಯ ಮನೆಗೋ ಹೋಗಿ. ಮಾತ್ರೆ, ಮಗ್ಗುಲು, ಊಟದ ವೇಳಾಪಟ್ಟಿ ಗೋಡೆಗೆ ಅಂಟಿಸಿದ್ದರೆ ಸಾಕು. ಲಕ್ವದ ನಂತರ ಕೈಕಾಲು, ಮಾತು ಹೆಚ್ಚು ಮರಳುವುದು ಮೊದಲ ಮೂರರಿಂದ ಆರು ತಿಂಗಳಲ್ಲಿ. ತಮ್ಮ ಬರುವುದಿದ್ದರೆ ಈಗಲೇ ಬರಬೇಕು ಎಂಬುದನ್ನು ಅಣ್ಣ ಒತ್ತಿ ಹೇಳಲಿ.

ಹೆತ್ತವರ ಪೋಷಣೆಗೆ 2007ರ ಕಾನೂನಿದೆ, ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಮಾವನವರು ಅರ್ಜಿ ಕೊಡಬಹುದು. ವಾರಕ್ಕೊಮ್ಮೆ ಫೋನ್ ಮಾಡುವ ಮಗನ ಮೇಲೆ ಅದನ್ನು ಎತ್ತುವ ಅಗತ್ಯ ನಮಗೆ ಕಾಣುವುದಿಲ್ಲ.

ಪ್ರಶ್ನೆ: ಗೆಳೆಯನ ಹೆಂಡತಿ ತೀರಿಕೊಂಡು ಇಪ್ಪತ್ತು ದಿನವಾಯಿತು. ವೈಕುಂಠ ಸಮಾರಾಧನೆ ಮುಗಿದ ಮೇಲೆ ನೆಂಟರೆಲ್ಲ ಹೊರಟುಹೋದರು. ಹೋದರೆ ಏನು ಮಾತಾಡಲಿ ಎಂದು ತಿಳಿಯದೆ ನಾನೂ ಹೋಗುತ್ತಿಲ್ಲ.
– ಓದುಗರು, ಶಿವಮೊಗ್ಗ

ಉತ್ತರ: ಇವತ್ತೇ ಹೋಗಿ. ಮನೆ ಖಾಲಿಯಾಗುವುದು ಈಗಲೇ. ‘ಧೈರ್ಯ ತಂದುಕೋ’, ‘ದೇವರ ಇಚ್ಛೆ’ ಎನ್ನಬೇಡಿ. ಅವು ಎದುರಿನವರ ಬಾಯಿ ಮುಚ್ಚಿಸುತ್ತವೆ. ತೀರಿಕೊಂಡವರ ಹೆಸರು ಹಿಡಿದು ಮಾತಾಡಿ. ಹೆಸರೆತ್ತಿದರೆ ನೋವಾಗುತ್ತದೆಂದು ಎಲ್ಲರೂ ಅದನ್ನೇ ತಪ್ಪಿಸುತ್ತಾರೆ, ನಿಜವಾಗಿ ಹೆಚ್ಚಿನವರು ಅದನ್ನು ಕೇಳಲು ಹಂಬಲಿಸುತ್ತಾರೆ.

ವಾರದ ಒಂದು ದಿನ ಗೊತ್ತು ಮಾಡಿಕೊಳ್ಳಿ. ಗುರುವಾರ ಸಂಜೆ ಎಂದರೆ ಗುರುವಾರ ಸಂಜೆ. ಕರೆಯಲಿ ಎಂದು ಕಾಯಬೇಡಿ. ಊಟ ಒಯ್ದರೆ ಡಬ್ಬಿ ತೊಳೆದು ಹಿಂತಿರುಗಿಸುವ ಕೆಲಸ ಅವರಿಗೆ ಉಳಿಯದಿರಲಿ.

ಕಚೇರಿ ಕೆಲಸಕ್ಕೆ ಜೊತೆಗೆ ಹೋಗಿ, ಇದು ದೊಡ್ಡ ಉಪಕಾರ. ಮರಣ ನೋಂದಣಿಗೆ 21 ದಿನ ಶುಲ್ಕವಿಲ್ಲ. ಇಪ್ಪತ್ತು ದಿನವಾಗಿದೆ ಎನ್ನುತ್ತೀರಿ, ನೋಂದಣಿಯಾಗಿದೆಯೇ ಎಂದು ಇಂದೇ ಕೇಳಿ. ಪ್ರಮಾಣಪತ್ರದ ನಾಲ್ಕೈದು ಪ್ರತಿ ಒಟ್ಟಿಗೇ ತೆಗೆಸಿ. ಬ್ಯಾಂಕ್, ವಿಮೆ, ಪಡಿತರ ಚೀಟಿ, ಗ್ಯಾಸ್ ಸಂಪರ್ಕ ಎಲ್ಲದಕ್ಕೂ ಬೇಕು. ಬರಲಿರುವ ಮೊದಲ ಗೌರಿ ಹಬ್ಬ, ದೀಪಾವಳಿ, ಮದುವೆಯಾದ ದಿನ ನಿಮ್ಮ ಕ್ಯಾಲೆಂಡರಿನಲ್ಲಿರಲಿ. ಆ ದಿನಗಳಲ್ಲಿ ಅವರನ್ನು ಒಬ್ಬರೇ ಬಿಡಬೇಡಿ.

ವಾರಗಟ್ಟಲೆ ಊಟ, ನಿದ್ದೆ ಬಿಟ್ಟಿದ್ದರೆ, ‘ನಾನೂ ಹೋಗಿಬಿಡಬೇಕು’ ಎಂದರೆ, ‘ಜೀವ ಕಳೆದುಕೊಳ್ಳುವ ಯೋಚನೆ ಬರುತ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬರನ್ನೇ ಬಿಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಜೊತೆಯಲ್ಲೇ ಕೂತು ಕರೆ ಮಾಡಿ. ದಿನದ 24 ಗಂಟೆಯೂ ಇದೆ, ಕನ್ನಡದಲ್ಲೂ ಮಾತಾಡುತ್ತಾರೆ.

ಪ್ರಶ್ನೆ: ಪಕ್ಕದ ಮನೆಯ ಅಜ್ಜಿ ಒಬ್ಬರೇ ಇದ್ದಾರೆ. ಏನು ಕೊಟ್ಟರೂ ಬೇಡ ಎನ್ನುತ್ತಾರೆ.
– ಓದುಗರು, ಮೈಸೂರು

ಉತ್ತರ: ಕೊಡುವ ಮೊದಲು ಕೇಳಿ: ಹುಳಿಪುಡಿಯ ಅಳತೆ, ಉಪ್ಪಿನಕಾಯಿಯ ಹದ. ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ಆದರೆ ಹಂಗು ಎನಿಸುವುದಿಲ್ಲ. ಬೆಳಗ್ಗೆ 8ರ ಹೊತ್ತಿಗೆ ಹಾಲಿನ ಪ್ಯಾಕೆಟ್ಟು ಬಾಗಿಲಲ್ಲೇ ಇದ್ದರೆ ಬಾಗಿಲು ತಟ್ಟುವುದಾಗಿ ಅವರ ಒಪ್ಪಿಗೆ ಪಡೆದಿಡಿ, ಒಂದು ಬೀಗದ ಕೈಯೂ ನಿಮ್ಮಲ್ಲಿರಲಿ. ಅವರು ಬಿದ್ದಿದ್ದರೆ ಗಾಬರಿಯಲ್ಲಿ ಎಬ್ಬಿಸಬೇಡಿ. ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರಬಹುದು. ಇದ್ದಲ್ಲೇ ಇರಿಸಿ 108ಕ್ಕೆ ಕರೆ ಮಾಡಿ. ಪಿಂಚಣಿಯ ತೊಡಕು, ಮನೆಯವರ ಕಿರುಕುಳ ಇದ್ದರೆ ಹಿರಿಯರ ಸಹಾಯವಾಣಿ 14567.

ಪ್ರಶ್ನೆ: ನನಗೆ 71 ವರ್ಷ, ಪಾರ್ಕಿನ್ಸನ್ ಕಾಯಿಲೆ. ಮಗ ಸೊಸೆ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಆದರೂ ಎಲ್ಲರಿಗೂ ಹೊರೆಯಾಗಿದ್ದೇನೆ ಎಂಬ ಕೊರಗು ಹೋಗುತ್ತಿಲ್ಲ.
– ಓದುಗರು, ಧಾರವಾಡ

ಉತ್ತರ: ಈ ಕೊರಗನ್ನು ನಿಮ್ಮ ನರರೋಗ ವೈದ್ಯರಿಗೂ ಹೇಳಿ. ಪಾರ್ಕಿನ್ಸನ್‌ನಲ್ಲಿ ಖಿನ್ನತೆ ಕಾಯಿಲೆಯ ಭಾಗವಾಗಿಯೇ ಬರುವುದುಂಟು, ಅದಕ್ಕೆ ಚಿಕಿತ್ಸೆ ಇದೆ.

ಜೊತೆಗೆ, ಮನೆಗೆ ನಿಜವಾಗಿ ಬೇಕಾದ ಒಂದು ಕೆಲಸ ನಿಮ್ಮ ಪಾಲಿಗಿರಲಿ. ಹೊತ್ತು ಕಳೆಯಲೆಂದು ಕೊಟ್ಟ ಕೆಲಸ ಯಾರನ್ನೂ ನೆಮ್ಮದಿಯಾಗಿಡುವುದಿಲ್ಲ. ಮೊಮ್ಮಕ್ಕಳಿಂದ ಮಗ್ಗಿ ಒಪ್ಪಿಸಿಕೊಳ್ಳುವುದು, ಹಾಲು-ದಿನಸಿಯ ಲೆಕ್ಕ, ಊರಿನ ನೆಂಟರಿಗೆ ಫೋನ್ ಮಾಡಿ ಸಂಬಂಧ ಉಳಿಸಿಕೊಳ್ಳುವುದು ಇವೆಲ್ಲ ದುಡಿಯುವ ಮಗ ಸೊಸೆಗೆ ಪುರುಸೊತ್ತಿಲ್ಲದ ಕೆಲಸಗಳು.

ಅವನ್ನು ಮಾತ್ರೆಯ ಹೊತ್ತಿಗೆ ಹೊಂದಿಸಿಕೊಳ್ಳಿ. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆ ನುಂಗಿದ ಅರ್ಧದಿಂದ ಒಂದು ಗಂಟೆಯಲ್ಲಿ ಕೈಕಾಲು ಸಡಿಲಾಗುತ್ತವೆ. ಮೊಮ್ಮಕ್ಕಳು, ಗೆಳೆಯರು ಬರುವುದು ಆ ಹೊತ್ತಿಗಿರಲಿ. ಬೇಳೆ, ಮೊಟ್ಟೆ, ಹಾಲಿನ ಪ್ರೋಟೀನು ಮಾತ್ರೆ ಮೈಗೆ ಸೇರುವುದಕ್ಕೆ ಅಡ್ಡಬರುತ್ತದೆ, ಆದ್ದರಿಂದ ಊಟಕ್ಕೆ ಅರ್ಧ ಗಂಟೆ ಮುಂಚೆ ನುಂಗುವುದು ಮೇಲು. ಹೊಟ್ಟೆ ತೊಳಸಿದರೆ ವೈದ್ಯರ ಸಲಹೆಯಂತೆ ಒಂದೆರಡು ಬಿಸ್ಕತ್ತಿನ ಜೊತೆ ತೆಗೆದುಕೊಳ್ಳಿ. ಲೆಕ್ಕ ಬರೆಯುವಾಗ ಅಕ್ಷರ ಸಾಲು ಮುಗಿಯುವಷ್ಟರಲ್ಲಿ ಕಿರಿದಾಗುತ್ತಿದ್ದರೆ ಅಗಲ ಗೆರೆಯ ನೋಟ್‌ಬುಕ್, ದಪ್ಪ ಹಿಡಿಯ ಪೆನ್ನು ತರಿಸಿ. ಪ್ರತಿ ಅಕ್ಷರವೂ ಮೇಲಿನ ಗೆರೆ ಮುಟ್ಟುವಂತೆ ನಿಧಾನವಾಗಿ ಬರೆಯಿರಿ.