ಮೊದಲ ಟೆಸ್ಟ್ ನಾರ್ಮಲ್ ಬಂದಿದೆ, ಮುಂದೆ ಶುಗರ್ ಬರುತ್ತಾ?

ಪ್ರಶ್ನೆ: ನನಗೆ 29 ವರ್ಷ, ಗಂಗಾವತಿ ಹತ್ತಿರದ ಹಳ್ಳಿ. ಚೊಚ್ಚಲ ಬಸುರಿ, ಈಗ ಮೂರನೇ ತಿಂಗಳು. ಎತ್ತರ 155 ಸೆಂ.ಮೀ., ತೂಕ 78 ಕೆ.ಜಿ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ. ಗ್ಲೂಕೋಸ್ ಕುಡಿಸಿ ಮಾಡಿದ ಟೆಸ್ಟ್‌ನಲ್ಲಿ 118 ಬಂತು, ನಾರ್ಮಲ್ ಅಂದರು. ಆದರೂ ಮನೆಯಲ್ಲಿ ‘ಇಷ್ಟು ದಪ್ಪ ಇದ್ದೀಯ, ಶುಗರ್ ಬಂದೇ ಬರುತ್ತೆ’ ಅಂತಾರೆ. ಈಗಲೇ ಗೊತ್ತಾಗುವ ದಾರಿ ಇದೆಯಾ?

ಉತ್ತರ: ‘ಬಂದೇ ಬರುತ್ತೆ’ ಅನ್ನೋ ಮಾತು ಸುಳ್ಳು. ದಪ್ಪ ಇರುವ ಎಲ್ಲರಿಗೂ ಬರುವುದಿಲ್ಲ, ತೆಳ್ಳಗಿರುವವರಿಗೂ ಬರುತ್ತದೆ. ಹಾಗಂತ ನಿಮಗೆ ಅಪಾಯ ಇಲ್ಲ ಅಂತಲೂ ನಾನು ಹೇಳಲಾರೆ. 78ನ್ನು 1.55ರಿಂದ ಎರಡು ಸಲ ಭಾಗಿಸಿ ನೋಡಿ, 32.5 ಬರುತ್ತದೆ. ಇದೇ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನೋ ಅಳತೆ. ನಮ್ಮ ಜನರಿಗೆ 25 ದಾಟಿದರೇ ಬೊಜ್ಜು ಅಂತ ಲೆಕ್ಕ. ಜೊತೆಗೆ ಅಮ್ಮನ ಶುಗರ್ ಇದೆ. ಪಿಸಿಒಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಇದ್ದರೆ ಅದೂ ಸೇರುತ್ತದೆ. ಬೆಳಗಿನ ಖಾಲಿ ಹೊಟ್ಟೆಯ ಶುಗರ್ ಮತ್ತು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ನೋಡಿದರೆ ಅಂದಾಜು ಇನ್ನಷ್ಟು ಗಟ್ಟಿಯಾಗುತ್ತದೆ. ಎಚ್‌ಬಿಎ1ಸಿ 5.7 ದಾಟಿದ್ದರೆ ಹುಷಾರಾಗಿರಬೇಕು. ಆದರೆ ಇದೆಲ್ಲ ಅಂದಾಜೇ. ಖಾತ್ರಿಯಾಗುವುದು ಇದೇ ಗ್ಲೂಕೋಸ್ ಟೆಸ್ಟನ್ನು ಮುಂದೆ ಎರಡನೇ ಸಲ ಮಾಡಿದಾಗ.

ಯಾಕಂದ್ರೆ ಮಾಸು (ಗರ್ಭದಲ್ಲಿ ಮಗುವಿಗೆ ಆಹಾರ ಒದಗಿಸುವ ಅಂಗ) ಬೆಳೆದಂತೆ ಅದರಿಂದ ಬರುವ ಹಾರ್ಮೋನ್‌ಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಮೈಯಲ್ಲಿ ಬೊಜ್ಜಿದ್ದರೆ ಆ ಅಡ್ಡಿ ಮೊದಲೇ ಇರುತ್ತದೆ. ಹಾಗಾಗಿ ಈಗಿನ 118 ಈಗಿನದ್ದು ಮಾತ್ರ.

ಆ ಟೆಸ್ಟ್ ಆಗಬೇಕಾದದ್ದು 24ರಿಂದ 28ನೇ ವಾರದೊಳಗೆ. ನಮ್ಮ ಕಡೆ ಇದು ತಪ್ಪಿಹೋಗುವುದು ಎಲ್ಲಿ ಗೊತ್ತಾ? ಸರಿಯಾಗಿ ಅದೇ ಹೊತ್ತಿಗೆ ಕುಬಸ ಮಾಡಿ ತವರಿಗೆ ಕಳಿಸುತ್ತಾರೆ. ಗಂಡನ ಮನೆಯವರು ‘ಅಲ್ಲಿ ಮಾಡಿಸ್ತಾರೆ’ ಅಂದುಕೊಳ್ಳುತ್ತಾರೆ. ತವರಿನವರು ‘ಅಲ್ಲೇ ಆಗಿರಬೇಕು’ ಅಂದುಕೊಳ್ಳುತ್ತಾರೆ. ಇದನ್ನು ಎಷ್ಟೋ ಸಲ ಕಂಡು ಹೊಟ್ಟೆ ಉರಿದಿದೆ. ನಿಮ್ಮ 24ನೇ ವಾರ ಎಂದು ಶುರುವಾಗುತ್ತದೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ, ತಾಯಿ ಕಾರ್ಡಿನ ಮೇಲೆ ಇವತ್ತೇ ಬರೆಸಿ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ಇರುತ್ತದೆ. ಕಾರ್ಡ್ ಹಿಡಿದು ಅಲ್ಲಿಗೇ ಹೋಗಬಹುದು.

ಊಟ ಮಾಡಿ ಹೋದರೂ ನಡೆಯುತ್ತದೆ. 75 ಗ್ರಾಂ ಗ್ಲೂಕೋಸನ್ನು ನೀರಿಗೆ ಕಲಸಿ ಕೊಡುತ್ತಾರೆ. ಒಂದೇ ಗುಟುಕಿಗೆ ಬೇಡ, ಐದು ನಿಮಿಷ ತಗೊಂಡು ಕುಡಿಯಿರಿ. ಆಮೇಲೆ ಎರಡು ಗಂಟೆ ಅಲ್ಲೇ ಕೂತಿರಿ. ಹಸಿವಾಯಿತು ಅಂತ ಎದ್ದು ಹೋಗಿ ಮಂಡಕ್ಕಿ-ಮಿರ್ಚಿ ತಿಂದು ಬಂದರೆ ಲೆಕ್ಕ ಕೆಡುತ್ತದೆ. ಅರ್ಧ ಗಂಟೆಯೊಳಗೆ ವಾಂತಿಯಾದರೆ ನರ್ಸ್‌ಗೆ ಹೇಳಿ, ಮಾರನೇ ದಿನ ಮತ್ತೆ ಮಾಡುತ್ತಾರೆ.

ಅಲ್ಲಿತನಕ ಸುಮ್ನೆ ಉಪವಾಸ ಬೇಡ. ತಟ್ಟೆಯಲ್ಲಿ ಅನ್ನ ಕಡಿಮೆ ಮಾಡಿ, ಜೋಳದ ರೊಟ್ಟಿ, ಕಾಳಿನ ಪಲ್ಯ, ಸೊಪ್ಪು ಜಾಸ್ತಿ ಮಾಡಿ. ಊಟವಾದ ಮೇಲೆ ಸ್ವಲ್ಪ ನಡೆಯಿರಿ. ನಿಮ್ಮ ಬಿಎಂಐಗೆ ಒಂಬತ್ತು ತಿಂಗಳಲ್ಲಿ 5ರಿಂದ 9 ಕೆ.ಜಿ. ಏರಿದರೆ ಸಾಕು.

ಎರಡನೇ ಟೆಸ್ಟ್‌ನಲ್ಲಿ 140 ಅಥವಾ ಅದಕ್ಕಿಂತ ಜಾಸ್ತಿ ಬಂತು ಅನ್ನಿ, ಹೆದರಬೇಡಿ. ಮೊದಲು ಎರಡು ವಾರ ಊಟ, ನಡಿಗೆಯಲ್ಲೇ ನೋಡುತ್ತೇವೆ. ಆಮೇಲೂ ಊಟವಾದ ಎರಡು ಗಂಟೆಗೆ 120 ದಾಟುತ್ತಿದ್ದರೆ ಮಾತ್ರೆ ಇಲ್ಲವೇ ಇನ್ಸುಲಿನ್ ಶುರು. ಹೆರಿಗೆಯಾದ 6 ವಾರಕ್ಕೆ ಇನ್ನೊಂದು ಟೆಸ್ಟ್ ಇರುತ್ತದೆ. ಬಾಣಂತಿ ಹೊರಗೆ ಹೋಗಬಾರದು ಅಂತ ಯಾರೇ ತಡೆದರೂ ಅದನ್ನು ಮಾಡಿಸಿಕೊಳ್ಳಿ.